ಇಪ್ಪತ್ತೈದರ ಲೆಕ್ಕ

ಹಿಂದಿನ ಕಾಲದ ಅಮಲ್ದಾರ ಕಚೇರಿಯಲ್ಲಿ ಸಂಬಳವಿಲ್ಲದೆ ದುಡಿಯುವ ಹುಡುಗನೊಬ್ಬ ಇರುತ್ತಿದ್ದ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ಹಳೆಯ ಕಾಗದಗಳ ನಕಲು ತೆಗೆದು, ಲೆಕ್ಕ ಕೂಡಿಸಿ, ಶಿರಸ್ತೇದಾರರು ಕರೆದಾಗ ಎದ್ದು ನಿಲ್ಲುವುದು ಅವನ ಕೆಲಸ. ಅವನನ್ನು ಉಮೇದುವಾರ ಎನ್ನುತ್ತಿದ್ದರು. ಉಮೇದು ಪಾರಸಿಯಿಂದ ಬಂದ ಮಾತು, ಅದರ ಮೂಲಾರ್ಥ ಆಸೆ. ಉಮೇದುವಾರನೆಂದರೆ ಆಸೆ ಇಟ್ಟುಕೊಂಡವನು. ಯಾರಾದರೂ ಗುಮಾಸ್ತ ತೀರಿಕೊಂಡರೆ, ವರ್ಗವಾಗಿ ಹೋದರೆ, ಬಡ್ತಿ ಪಡೆದರೆ ಆ ಜಾಗ ತನಗೆ ಸಿಕ್ಕೀತು ಎಂಬ ಆಸೆ. ಇಂದು ಆ ಪದ ಚುನಾವಣೆಗೆ ನಾಮಪತ್ರ ಹಾಕುವವರ ಪಾಲಾಗಿದೆ, ನೌಕರಿ ಕೇಳುವವರು ಅಭ್ಯರ್ಥಿಗಳಾಗಿದ್ದಾರೆ. ಆದರೆ ನೌಕರಿಗಾಗಿ ಕಾಯುವವರ ಮನಸ್ಸನ್ನು ಆ ಹಳೆಯ ಪದ ಹಿಡಿದಷ್ಟು ಚೆನ್ನಾಗಿ ಹೊಸದು ಹಿಡಿದಿಲ್ಲ.

ಉಮೇದುವಾರನಿಗೆ ಸಂದರ್ಶನವೆಂದು ಬೇರೆ ಇರಲಿಲ್ಲ. ಅವನು ಕಚೇರಿಯಲ್ಲಿ ಕಳೆದ ವರ್ಷಗಳೇ ಸಂದರ್ಶನ. ಅಕ್ಷರ ದುಂಡಗಿದೆಯೇ, ಕೂಡುವುದು ಕಳೆಯುವುದು ತಪ್ಪುತ್ತದೆಯೇ, ಕಚೇರಿಯ ಮಾತು ಹೊರಗೆ ಆಡುತ್ತಾನೆಯೇ ಎಂದು ದಿನವೂ ಒಬ್ಬರಲ್ಲ ಒಬ್ಬರು ನೋಡುತ್ತಲೇ ಇದ್ದರು. ಇಷ್ಟರ ಮೇಲೂ ಕೊನೆಗೆ ಬೇಕಾದದ್ದು ವಶೀಲಿ. ಅರಬ್ಬಿ ಮೂಲದಲ್ಲಿ ಈ ಮಾತಿಗೆ ಒಂದನ್ನು ಸೇರುವ ದಾರಿ ಎಂಬ ಅರ್ಥವಿದೆ. ಅಜ್ಜನಿಗೆ ಗೊತ್ತಿದ್ದವರು, ಮಾವನ ಸಹಪಾಠಿ, ಊರ ಶಾನುಭೋಗರ ಅಳಿಯ, ಹೀಗೆ ಯಾರಾದರೂ ಒಂದು ಮಾತು ಹಾಕಬೇಕು. ಅರ್ಜಿ, ಹುದ್ದೆ, ನೌಕರಿ, ಚಾಕರಿ, ಶಿಫಾರಸು ಎಂಬ ಕಚೇರಿಯ ಮಾತುಗಳೆಲ್ಲ ಪಾರಸಿ, ಅರಬ್ಬಿ ಕಡೆಯಿಂದ ನಮ್ಮಲ್ಲಿಗೆ ಬಂದವು. ಸಂದರ್ಶನ ಮಾತ್ರ ಸಂಸ್ಕೃತದ ಪದ, ನೌಕರಿಯ ಅರ್ಥದಲ್ಲಿ ಬಹಳ ತಡವಾಗಿ ಬಳಕೆಗೆ ಬಂದದ್ದು. ಚೆನ್ನಾಗಿ ನೋಡುವುದು ಎಂಬುದು ಅದರ ಅರ್ಥ. ಯಾರು ಯಾರನ್ನು ನೋಡಬೇಕು, ಎಷ್ಟು ಹೊತ್ತು ನೋಡಬೇಕು, ಆ ನೋಟಕ್ಕೆ ಎಷ್ಟು ಅಂಕ ಎಂಬ ಪ್ರಶ್ನೆಗಳ ಮೇಲೆ ಈ ನಾಡಿನಲ್ಲಿ ನೂರು ವರ್ಷಕ್ಕೂ ಮಿಕ್ಕಿ ಜಗ್ಗಾಟ ನಡೆದಿದೆ.

ಪ್ರಶ್ನೆ ಇನ್ನೂ ಹಳೆಯದು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಕಟ್ಟೊಂದನ್ನು ಗುರುತಿಸಿದರು. ಕಳೆದೇಹೋಯಿತೆಂದು ಲೋಕ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷಿಗೆ ತಂದರು. ಅಮಾತ್ಯರನ್ನು, ಮಂತ್ರಿಗಳನ್ನು ಹೇಗೆ ಆರಿಸಬೇಕೆಂದು ಅದರ ಮೊದಲ ಅಧಿಕರಣ ಹೇಳುತ್ತದೆ. ಊರು, ಮನೆತನಗಳ ವಿಷಯವನ್ನು ಅವನ ಕಡೆಯ ನಂಬಿಕಸ್ಥರಿಂದ ತಿಳಿಯಬೇಕು. ವಿದ್ಯೆಯನ್ನು ಅದೇ ವಿದ್ಯೆ ಬಲ್ಲವರಿಂದ ಪರೀಕ್ಷಿಸಬೇಕು. ಮಾತುಗಾರಿಕೆ, ಧೈರ್ಯ, ಚುರುಕುತನಗಳನ್ನು ಮಾತಿಗೆ ಎಳೆದು ನೋಡಬೇಕು. ಕಷ್ಟ ತಾಳುವ ಶಕ್ತಿಯನ್ನು ಕಷ್ಟ ಬಂದಾಗಲೇ ಕಾಣಬೇಕು. ಶೀಲವನ್ನು ಅವನ ಜೊತೆ ವಾಸವಿದ್ದವರಿಂದ ಕೇಳಬೇಕು. ಎದುರಿಗೆ ಕೂರಿಸಿಕೊಂಡು ಮಾತಾಡಿಸಿದರೆ ತಿಳಿಯುವುದು ಮನುಷ್ಯನ ಒಂದು ಪಾಲು ಮಾತ್ರ ಎಂಬ ಎಚ್ಚರ ಕೌಟಿಲ್ಯನಿಗಿತ್ತು. ಉಳಿದ ಪಾಲಿಗೆ ಅವನು ಬೇರೆ ಬೇರೆ ಕಣ್ಣುಗಳನ್ನು ನೇಮಿಸಿದ. ಹತ್ತು ನಿಮಿಷದಲ್ಲಿ ಇಡೀ ಮನುಷ್ಯನನ್ನು ಅಳೆಯುತ್ತೇವೆಂದು ಹೊರಟ ಎಷ್ಟೋ ಮಂಡಳಿಗಳಿಗೆ ಈ ಎಚ್ಚರ ಇರಲಿಲ್ಲ.

ಇಂಗ್ಲಿಷರು ಭಾರತಕ್ಕೆ ಅಧಿಕಾರಿಗಳನ್ನು ಕಳಿಸುತ್ತಿದ್ದುದೂ ಮೊದಲು ವಶೀಲಿಯಿಂದಲೇ. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ತಮಗೆ ಬೇಕಾದ ಮನೆಗಳ ಹುಡುಗರ ಹೆಸರು ಸೂಚಿಸುತ್ತಿದ್ದರು, ಆ ಹುಡುಗರು ಹೇಲಿಬರಿ ಕಾಲೇಜಿನಲ್ಲಿ ಓದಿ ಹಡಗು ಹತ್ತುತ್ತಿದ್ದರು. 1854ರಲ್ಲಿ ಮೆಕಾಲೆ ಸಮಿತಿ ವರದಿ ಕೊಟ್ಟಿತು, 1855ರಲ್ಲಿ ಲಂಡನ್ನಿನಲ್ಲಿ ಮೊದಲ ಸ್ಪರ್ಧಾ ಪರೀಕ್ಷೆ ನಡೆಯಿತು. ಕಾಗದದ ಮೇಲೆ ಬಾಗಿಲು ಎಲ್ಲರಿಗೂ ತೆರೆಯಿತು. ಆದರೆ ಆ ಬಾಗಿಲಿನೊಳಗೆ ಇನ್ನೊಂದು ಬಾಗಿಲಿತ್ತು: ಕುದುರೆ ಸವಾರಿ. ಗ್ರೀಕ್, ಲ್ಯಾಟಿನ್‌ನಲ್ಲಿ ಮಿಂಚಿ ಲಿಖಿತ ಪರೀಕ್ಷೆ ಗೆದ್ದಿದ್ದ ಅರವಿಂದ ಘೋಷರು 1892ರಲ್ಲಿ ಹೊರಗುಳಿದದ್ದು ಸವಾರಿ ಪರೀಕ್ಷೆಯ ಕಾರಣಕ್ಕೆ. ಆ ಹೊತ್ತಿಗೆ ಬರೋಡಾದ ಸಯಾಜಿರಾವ್ ಗಾಯಕವಾಡರು ಲಂಡನ್ನಿನಲ್ಲಿದ್ದರು. ಪರಿಚಿತರೊಬ್ಬರು ನಡುವೆ ನಿಂತು ಮಾತಾಡಿಸಿ, ತಿಂಗಳಿಗೆ 200 ರೂಪಾಯಿಗೆ ಅರವಿಂದರ ಕೆಲಸ ಗೊತ್ತುಮಾಡಿದರು. ಮನೆಯಲ್ಲಿ ಲಾಯವಿದ್ದವರ ಮಕ್ಕಳಿಗೆ ಸವಾರಿ ಆಟ, ಇಲ್ಲದವರಿಗೆ ಪರೀಕ್ಷೆ. ಮುಂದೆ ಕುದುರೆಯ ಜಾಗಕ್ಕೆ ಇಂಗ್ಲಿಷ್ ಉಚ್ಚಾರ ಬಂತು, ಆಮೇಲೆ ಕೋಟು, ಟೈ, ಕಾನ್ವೆಂಟಿನ ನಡೆನುಡಿ ಬಂದವು.

ಮೈಸೂರಿನಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆ ಮೊದಲ ಬಾರಿಗೆ ನಡೆದದ್ದು 1891ರಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ಶೇಷಾದ್ರಿ ಅಯ್ಯರ್ ಸ್ವತಃ ಮದ್ರಾಸ್ ಕಡೆಯಿಂದ 1868ರಲ್ಲಿ ಮೈಸೂರಿಗೆ ಬಂದದ್ದು ರಂಗಾಚಾರ್ಲು ಅವರ ಪರಿಚಯದ ಬಲದಿಂದ. ಹಾಗೆ ಬಂದವರೇ, ಪರಿಚಯವಿಲ್ಲದವರಿಗೂ ದಾರಿಯಾಗಲೆಂದು ಪರೀಕ್ಷೆಯ ಬಾಗಿಲು ಕಟ್ಟಿದರು. ಅದೇ 1891ರ ಜೂನ್‌ನಲ್ಲಿ ಕೋಲಾರ ಜಿಲ್ಲೆಯ ಹುಂಗೇನಹಳ್ಳಿಯಲ್ಲಿ ಒಂದು ಮಗು ಹುಟ್ಟಿತು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ನೆಂಟರ ಆಸರೆಯಲ್ಲಿ ವಿದ್ಯಾರ್ಥಿವೇತನದಿಂದ ಓದಿ, ಮದ್ರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಸಿವಿಲ್ ಸರ್ವಿಸ್ ಪರೀಕ್ಷೆ ಗೆದ್ದು 1914ರಲ್ಲಿ ಅಸಿಸ್ಟೆಂಟ್ ಕಮಿಷನರ್ ಆದ ಆ ಹುಡುಗನೇ ಮಾಸ್ತಿ ವೆಂಕಟೇಶ ಅಯ್ಯಂಗಾರ್. ತಂದೆಯ ಬೆಂಬಲವಿಲ್ಲದ ಬಡ ಹುಡುಗನನ್ನು ಆ ಕುರ್ಚಿಗೆ ಕರೆದೊಯ್ದದ್ದು ಪರೀಕ್ಷೆ. ಪರೀಕ್ಷೆಯ ಮಾತು ನಡೆಯದ ಮೇಲಿನ ಮೆಟ್ಟಿಲಲ್ಲಿ, 1940ರ ದಶಕದಲ್ಲಿ, ತಮಗಿಂತ ಕಿರಿಯರನ್ನು ಮುಂದಕ್ಕೆ ತಂದರೆಂದು ಅವರು ಕೆಲಸ ಬಿಟ್ಟು ಹೊರಬಂದರು.

ಹಾಗೆಂದು ಪರೀಕ್ಷೆ ಎಲ್ಲರಿಗೂ ನ್ಯಾಯ ಕೊಟ್ಟಿತೆನ್ನಲಾಗದು. ತಲೆಮಾರುಗಳಿಂದ ಓದಿಕೊಂಡು ಬಂದ ಮನೆಗಳ ಮಕ್ಕಳಿಗೆ ಅದು ಅಂಗೈಯ ಗೆರೆ. ಶಾಲೆಯ ಹೊಸಿಲು ಆಗಷ್ಟೇ ತುಳಿದವರಿಗೆ ಬೆಟ್ಟ. ಮೈಸೂರಿನ ದೊಡ್ಡ ಹುದ್ದೆಗಳೆಲ್ಲ ಹೆಚ್ಚುಕಡಿಮೆ ಒಂದೇ ಸಮುದಾಯದ ಕೈಯಲ್ಲಿದ್ದವು. 1917ರಲ್ಲಿ ಹಿಂದುಳಿದವರ ಪರವಾಗಿ ಪ್ರಜಾಮಿತ್ರ ಮಂಡಳಿ ಹುಟ್ಟಿತು, ಮರುವರ್ಷ ಅದರ ಮುಖಂಡರು ಹುದ್ದೆಗಳಲ್ಲಿ ಪಾಲು ಕೇಳಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮನವಿ ಕೊಟ್ಟರು. ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಕವಾಯಿತು. ಅರ್ಹತೆಯ ಮಾತು ಹಿಡಿದು ಹುದ್ದೆಗಳ ಮೀಸಲನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಅದೇ 1918ರಲ್ಲಿ ಹುದ್ದೆ ಬಿಟ್ಟರು. ಅವರ ಮಾತಿನ ಹಿಂದೆ ಅವರ ಬದುಕೇ ಇತ್ತು. ಪುಣೆಯ ಕಾಲೇಜಿನಲ್ಲಿ ಮೊದಲ ಸ್ಥಾನ ಪಡೆದದ್ದಕ್ಕೆ 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಅವರನ್ನು ನೇರವಾಗಿ ಕರೆದುಕೊಂಡಿತ್ತು. ಅಂಕವೇ ಅವರ ಶಿಫಾರಸು ಪತ್ರವಾಗಿತ್ತು.

1919ರ ಮಿಲ್ಲರ್ ವರದಿಯಲ್ಲಿ ಮೀಸಲಾತಿಯ ಮಾತಿನಷ್ಟೇ ಬೆಲೆಯುಳ್ಳ ಇನ್ನೊಂದು ವಿಚಾರವಿದೆ, ಅದನ್ನು ನೆನೆಯುವವರು ಕಡಿಮೆ. ದಕ್ಷತೆಯನ್ನು ಓದಿನ ಅಂಕದಿಂದ ಮಾತ್ರ ಅಳೆಯಬಾರದು, ಆಡಳಿತದ ಎಷ್ಟೋ ಕೆಲಸಗಳಲ್ಲಿ ಜನರ ಮೇಲಿನ ಮರುಕ, ಪ್ರಾಮಾಣಿಕ ಉದ್ದೇಶ, ಹುರುಪು, ವಿವೇಕ ಇವು ಪಾಂಡಿತ್ಯಕ್ಕೆ ಸಮನಾಗಿ ನಿಲ್ಲುತ್ತವೆ ಎಂದು ಸಮಿತಿ ವಾದಿಸಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕೆಂದು ಹೇಳಿತು. 1921ರಲ್ಲಿ ಸರ್ಕಾರದ ಆದೇಶ ಬಂತು. ಬರವಣಿಗೆಯ ಪರೀಕ್ಷೆಗೆ ಸಿಗದ ಗುಣಗಳು ಮನುಷ್ಯನಲ್ಲಿರುತ್ತವೆ ಎಂಬ ಆ ಮಾತು ಅಂದು ಬಾಗಿಲಾಚೆ ನಿಂತವರ ಪರವಾಗಿ ಆಡಿದ್ದು. ನಾಲ್ಕು ದಶಕ ಕಳೆದ ಮೇಲೆ ಅದೇ ಮಾತು ಬೇರೆ ಕೈಗೆ ಹೋಯಿತು.

1951ರ ಮೇ 18ರಂದು ಮೈಸೂರು ಲೋಕಸೇವಾ ಆಯೋಗ ಸ್ಥಾಪನೆಯಾಯಿತು, ಇಂದಿನ ಕೆಪಿಎಸ್‌ಸಿಯ ಮೂಲ ಅದು. ಅರ್ಜಿ ಫಾರಂ, ಹಾಲ್ ಟಿಕೆಟ್, ಲಿಖಿತ ಪರೀಕ್ಷೆ, ಕೊನೆಗೆ ಒಂದು ಮೇಜಿನ ಸುತ್ತ ಕೂತ ಮಂಡಳಿಯ ಮುಂದೆ ಹಾಜರಿ, ಈ ಕ್ರಮ ನಾಡಿಗೆ ರೂಢಿಯಾಯಿತು. ಮೇಜಿನ ಸುತ್ತಲಿನ ಆ ಮಾತುಕತೆಯ ಬೆಲೆಯೆಷ್ಟು ಎಂಬ ಜಗಳ ಸುಪ್ರೀಂ ಕೋರ್ಟಿನ ತನಕ ಹೋದದ್ದೂ ಮೊದಲು ಮೈಸೂರಿನಿಂದಲೇ. ಅಲ್ಲಿ ಮೊಕದ್ದಮೆ ಹೂಡಿದವರು ನೌಕರಿ ಕೇಳಿದವರಲ್ಲ, ಸೀಟು ಕೇಳಿದ ವಿದ್ಯಾರ್ಥಿಗಳು. ಆದರೆ ಅಂದಿನಿಂದ ಇಂದಿನವರೆಗೆ ಸಂದರ್ಶನದ ಬಗ್ಗೆ ಕೋರ್ಟುಗಳು ಆಡಿದ ಮಾತಿಗೆಲ್ಲ ಆ ಮೊಕದ್ದಮೆ ಒಂದು ಮೈಲಿಗಲ್ಲು.

1963ರ ಜುಲೈನಲ್ಲಿ ಮೈಸೂರು ಸರ್ಕಾರ ಒಂದು ಪತ್ರ ಹೊರಡಿಸಿತು. ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಿಗೆ ಆಯ್ಕೆ ಮಾಡುವಾಗ ಐಚ್ಛಿಕ ವಿಷಯಗಳ ಒಟ್ಟು ಅಂಕದ ಶೇಕಡಾ 25ರಷ್ಟನ್ನು ಸಂದರ್ಶನಕ್ಕೆ ಇಡಬೇಕು ಎಂದು. ಮೂರು ವಿಷಯಕ್ಕೆ 300 ಅಂಕವಾದರೆ ಸಂದರ್ಶನಕ್ಕೆ 75. ಸಮಿತಿ ಏನನ್ನು ನೋಡಬೇಕೆಂಬ ಪಟ್ಟಿಯೂ ಅದರಲ್ಲಿತ್ತು. ಸಾಮಾನ್ಯ ಜ್ಞಾನ, ಒಲವು ಮತ್ತು ವ್ಯಕ್ತಿತ್ವ, ಹಿಂದಿನ ಓದಿನಲ್ಲಿ ಪಡೆದ ವಿಶೇಷ ಮನ್ನಣೆ, ಎನ್‌ಸಿಸಿ, ಎಸಿಸಿ, ಆಟೋಟ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ.

ಈ ಪಟ್ಟಿಯನ್ನು ಹಳ್ಳಿಯ ಹುಡುಗನ ಕಣ್ಣಿನಿಂದ ಓದಿ ನೋಡಬೇಕು. ಎನ್‌ಸಿಸಿ ತುಕಡಿ ಇದ್ದ ಶಾಲೆಗಳೇ ಅಂದು ಕಡಿಮೆ. ಚರ್ಚಾಸ್ಪರ್ಧೆ ನಡೆಯುತ್ತಿದ್ದುದು ಪೇಟೆಯ ಹೈಸ್ಕೂಲುಗಳಲ್ಲಿ. ಶಾಲೆ ಬಿಟ್ಟ ಕೂಡಲೇ ದನ ಹೊಡೆದುಕೊಂಡು ಬರಲು ಓಡುತ್ತಿದ್ದ ಹುಡುಗ, ಅಡುಗೆಮನೆಯಲ್ಲಿ ಅಮ್ಮನ ಕೈಗೆ ಕೈ ಕೊಡುತ್ತಿದ್ದ ಹುಡುಗಿ ಯಾವ ಪ್ರಮಾಣಪತ್ರ ತಂದು ತೋರಿಸಬೇಕಿತ್ತು? ಎಲ್ಲರಿಗಿಂತ ಹೆಚ್ಚು ದುಡಿದ ಮಕ್ಕಳ ದುಡಿಮೆಗೆ ಆ ಪಟ್ಟಿಯಲ್ಲಿ ಕಲಂ ಇರಲಿಲ್ಲ. ಮಿಲ್ಲರ್ ಸಮಿತಿ ಹೇಳಿದ ವಿವೇಕ, ಹುರುಪುಗಳನ್ನು ಅಳೆಯಲು ಹೊರಟವರು, ಅವು ಇಂಥಿಂಥ ಮನೆಗಳಲ್ಲಿ ಇರುತ್ತವೆ ಎಂದು ಮೊದಲೇ ತೀರ್ಮಾನಿಸಿದಂತಿತ್ತು.

ಸೀಟು ಸಿಗದ ವಿದ್ಯಾರ್ಥಿಗಳು ಮೈಸೂರು ಹೈಕೋರ್ಟಿನ ಮೆಟ್ಟಿಲೇರಿದರು. ಆಯ್ಕೆ ಸಮಿತಿ ತನ್ನ ಅಧಿಕಾರವನ್ನು ಸರಿಯಾಗಿ ಬಳಸಿಲ್ಲವೆಂದು ಹೈಕೋರ್ಟ್ ಕಂಡಿತು. ಮೇಲ್ಮನವಿ ದಿಲ್ಲಿಗೆ ಹೋಯಿತು. ಆರ್. ಚಿತ್ರಲೇಖಾ ಮತ್ತು ಮೈಸೂರು ರಾಜ್ಯ ನಡುವಿನ ಮೊಕದ್ದಮೆಯೆಂದು ಕಾನೂನು ಓದುವವರೆಲ್ಲ ಇಂದಿಗೂ ನೆನೆಯುವುದು ಇದನ್ನೇ. 1964ರ ಜನವರಿಯಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ಅವರು ಬಹುಮತದ ತೀರ್ಪು ಬರೆದರು. ಸಂದರ್ಶನ ಎಂಬ ವಿಧಾನವೇ ತಪ್ಪೆನ್ನಲಾಗದು, ಬಲ್ಲವರ ಕೈಯಲ್ಲಿ ಅದು ಒಳ್ಳೆಯ ಸಾಧನ, ದುರುಪಯೋಗವಾದರೆ ಅದನ್ನು ಆಯಾ ಸಂದರ್ಭದಲ್ಲಿ ನೋಡಬಹುದು ಎಂಬುದು ಅದರ ಸಾರ. ನ್ಯಾಯಮೂರ್ತಿ ಮುಧೋಳ್ಕರ್ ಭಿನ್ನಮತ ಬರೆದರು. ಹೀಗೆ ಶೇಕಡಾ 25ಕ್ಕೆ ಒಪ್ಪಿಗೆಯ ಮುದ್ರೆ ಬಿತ್ತು.

ಅಂಕದ ಜಗಳ ಒಂದು ಕಡೆಗಿರಲಿ, ಆ ಕೋಣೆಯ ಬಾಗಿಲಿಗೇ ಬರಗೊಡದೆ ದೂರವಿಟ್ಟವರ ಕತೆ ಬೇರೆ. ಉದ್ಯೋಗಂ ಪುರುಷಲಕ್ಷಣಂ ಎಂಬ ಮಾತನ್ನು ಕಂಪನಿಗಳು ಅಕ್ಷರಶಃ ನಂಬಿದ್ದ ಕಾಲವೊಂದಿತ್ತು. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸ್ನಾತಕೋತ್ತರ ಓದು ಮುಗಿಸುತ್ತಿದ್ದ ಸುಧಾ ಕುಲಕರ್ಣಿ (ಮುಂದೆ ಸುಧಾ ಮೂರ್ತಿ) 1974ರಲ್ಲಿ ನೋಟಿಸ್ ಬೋರ್ಡಿನ ಮೇಲೆ ಪುಣೆಯ ಟೆಲ್ಕೊ ಕಂಪನಿಯ ಜಾಹೀರಾತು ನೋಡಿದರು. ಕೆಳಗೆ ಒಂದು ಸಾಲು: ಮಹಿಳೆಯರು ಅರ್ಜಿ ಹಾಕಬೇಕಿಲ್ಲ. ಅವರು ಅಂಚೆ ಕಾರ್ಡೊಂದನ್ನು ತೆಗೆದುಕೊಂಡು ಜೆ.ಆರ್.ಡಿ. ಟಾಟಾ ಅವರಿಗೇ ತಕರಾರು ಬರೆದು ಹಾಕಿದರು. ಕೆಲವೇ ದಿನಗಳಲ್ಲಿ ಸಂದರ್ಶನಕ್ಕೆ ತಂತಿ ಬಂತು, ಹೋಗಿಬರುವ ಖರ್ಚು ಕಂಪನಿಯದೇ.

ಆ ಪಯಣವನ್ನು ಸುಧಾ ಮೂರ್ತಿಯವರು ಮುಂದೆ ಹಲವು ಸಲ ಹೇಳಿದ್ದಾರೆ, ಬರೆದಿದ್ದಾರೆ. ಹಾಸ್ಟೆಲಿನ ಗೆಳತಿಯರಿಗೆ ನೌಕರಿಗಿಂತ ಪುಣೆಯ ಸೀರೆಯ ಮೇಲೆ ಆಸೆ. ತಲೆಗೆ ಮೂವತ್ತು ರೂಪಾಯಿಯಂತೆ ಕೂಡಿಸಿ ಕೊಟ್ಟರು. ಕೆಲಸ ಸಿಗುವುದಿಲ್ಲ, ಸೀರೆಯಾದರೂ ಬರಲಿ ಎಂಬ ಲೆಕ್ಕ. ಪಿಂಪ್ರಿಯ ಕಾರ್ಖಾನೆಯಲ್ಲಿ ಆರು ಮಂದಿ ಕೂತಿದ್ದರು. ಒಳಗೆ ಕಾಲಿಟ್ಟಾಗ, ಜೆಆರ್‌ಡಿಗೆ ಕಾಗದ ಬರೆದವಳು ಇವಳೇ ಎಂಬ ಪಿಸುಮಾತು ಕಿವಿಗೆ ಬಿತ್ತು. ಆ ಕ್ಷಣಕ್ಕೆ ಕೆಲಸ ಸಿಗುವುದಿಲ್ಲವೆಂದು ಖಚಿತವಾಯಿತು, ಅದರ ಜೊತೆಗೇ ಹೆದರಿಕೆಯೂ ಹೊರಟುಹೋಯಿತು. ತಾಂತ್ರಿಕ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಕಾರ್ಖಾನೆಯೊಳಗೆ ಇದುವರೆಗೆ ಹೆಂಗಸರನ್ನು ತೆಗೆದುಕೊಂಡಿಲ್ಲ ಎಂದು ಹಿರಿಯರೊಬ್ಬರು ಸಮಾಧಾನದಿಂದ ವಿವರಿಸಿದಾಗ, ಎಲ್ಲಿಂದಾದರೂ ಶುರು ಮಾಡಬೇಕಲ್ಲ ಎಂದು ಮರುಮಾತಾಡಿದರು. ಕೆಲಸ ಸಿಕ್ಕಿತು. ಸಂದರ್ಶನಕ್ಕೆ ತಯಾರಾಗುವುದು ಹೇಗೆಂದು ಕಲಿಸುವವರು ಈ ಘಟನೆಯನ್ನು ಧೈರ್ಯದ ಪಾಠವಾಗಿ ಹೇಳುತ್ತಾರೆ. ಅದು ನಿಜವೇ. ಆದರೆ ಆ ಧೈರ್ಯದ ಕೆಳಗೆ ಎಂಜಿನಿಯರಿಂಗ್ ಓದಿನ ಗಟ್ಟಿ ನೆಲವಿತ್ತು. ಆರು ಜನ ಕೇಳಿದ ಪ್ರಶ್ನೆಗೆ ತಡವರಿಸಿದ್ದರೆ ಅಂಚೆ ಕಾರ್ಡು ಅವರ ನೆರವಿಗೆ ಬರುತ್ತಿರಲಿಲ್ಲ.

ಶೇಕಡಾವಾರಿನ ಜಗಳಕ್ಕೆ ಮರಳೋಣ. ಚಿತ್ರಲೇಖಾ ತೀರ್ಪಿನ ಹದಿನಾರು ವರ್ಷದ ಮೇಲೆ, 1980ರ ನವೆಂಬರಿನಲ್ಲಿ, ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅಲ್ಲಿ ಬರವಣಿಗೆಗೆ 100, ಮೌಖಿಕಕ್ಕೆ 50 ಅಂಕ. ಒಬ್ಬೊಬ್ಬರನ್ನು ಮಾತಾಡಿಸಿದ್ದು ಎರಡು ಮೂರು ನಿಮಿಷ. ಕೇಳಿದ್ದು ತಂದೆ ಯಾರು, ಮನೆ ಎಲ್ಲಿ ಎಂಬಂಥ ಪ್ರಶ್ನೆ. ಪ್ರವೇಶದಲ್ಲಿ ಮೌಖಿಕಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಇಡುವುದು ಮನಸೋ ಇಚ್ಛೆಯ ನಡೆ ಎಂದು ನ್ಯಾಯಮೂರ್ತಿ ಭಗವತಿ ಬರೆದರು, ಸಂದರ್ಶನವನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಡುವುದು ಒಳ್ಳೆಯದೆಂದೂ ಸೂಚಿಸಿದರು. ಆ ಸಲಹೆಯನ್ನು ದೇಶದ ಮಂಡಳಿಗಳು ಅಂದೇ ಕೈಗೆತ್ತಿಕೊಂಡಿದ್ದರೆ ಮುಂದಿನ ಎಷ್ಟೋ ಕಣ್ಣೀರು ಉಳಿಯುತ್ತಿತ್ತು.

ಮರುವರ್ಷ, 1981ರಲ್ಲಿ, ರಾಜಸ್ಥಾನದ ನ್ಯಾಯಾಂಗ ಸೇವೆಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಇನ್ನೊಂದು ಮಗ್ಗುಲು ತೋರಿದರು. ಕಾಲೇಜಿಗೆ ಸೇರುವ ಎಳೆಯರ ವ್ಯಕ್ತಿತ್ವ ಇನ್ನೂ ರೂಪುಗೊಳ್ಳುತ್ತಿರುತ್ತದೆ, ಅಲ್ಲಿ ಮೌಖಿಕಕ್ಕೆ ಹೆಚ್ಚು ತೂಕ ಸಲ್ಲದು. ಓದು ಮುಗಿಸಿ ಬಲಿತವರನ್ನು ಹುದ್ದೆಗೆ ಆರಿಸುವಾಗ ಆ ತೂಕ ಹೆಚ್ಚಾಗಬಹುದು ಎಂದು. ಇದೇ ಚಿನ್ನಪ್ಪ ರೆಡ್ಡಿಯವರು ಆ ದಶಕದ ಕೊನೆಗೆ ಕರ್ನಾಟಕದ ಮೂರನೆಯ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ ಬಂದು, 1990ರಲ್ಲಿ ವರದಿ ಕೊಟ್ಟರು. ಮಿಲ್ಲರ್ ಕೇಳಿದ ಪ್ರಶ್ನೆಯೂ ಸಂದರ್ಶನದ ಪ್ರಶ್ನೆಯೂ ಒಬ್ಬರೇ ನ್ಯಾಯಾಧೀಶರ ಮೇಜಿನ ಮೇಲೆ ಬಂದು ಸೇರಿದ್ದವು.

1985ರಲ್ಲಿ ಹರಿಯಾಣದ ಸರದಿ. 61 ಹುದ್ದೆಗೆ 1,300ಕ್ಕೂ ಹೆಚ್ಚು ಮಂದಿಯನ್ನು ಸಂದರ್ಶನಕ್ಕೆ ಕರೆದಿದ್ದರು. ಮೌಖಿಕದ ತೂಕ ಸಾಮಾನ್ಯರಿಗೆ ಶೇಕಡಾ 22.2, ಮಾಜಿ ಸೈನಿಕರಿಗೆ 33.3. ಇದು ಮಿತಿಮೀರಿತು ಎಂದ ಸುಪ್ರೀಂ ಕೋರ್ಟ್ 12.2ನ್ನು ಅಳತೆಗೋಲಾಗಿ ಹಿಡಿಯಿತು. ಈ ದಶಾಂಶ ಬಿಂದುವಿನ ಲೆಕ್ಕ ಬಂದದ್ದು ಯುಪಿಎಸ್‌ಸಿಯಿಂದ. ದೌಲತ್ ಸಿಂಗ್ ಕೊಠಾರಿ ಸಮಿತಿಯ ಸಲಹೆಯಂತೆ 1979ರಿಂದ ನಾಗರಿಕ ಸೇವಾ ಪರೀಕ್ಷೆಯ ಹೊಸ ಕ್ರಮ ಬಂದಿತ್ತು, ಅದರಲ್ಲಿ ಒಟ್ಟು 2,050 ಅಂಕಕ್ಕೆ ಸಂದರ್ಶನದ್ದು 250. ಮಂಡಳಿಯ ಸದಸ್ಯರ ನೆಂಟರು ಎದುರಿಗೆ ಬಂದಾಗ ಆ ಸದಸ್ಯರು ಎದ್ದುಹೋಗಬೇಕು ಎಂಬುದನ್ನೂ ಆ ತೀರ್ಪು ಹೇಳಿತು. ವಶೀಲಿ ಎಂಬ ಹಳೆಯ ಮಾತಿಗೆ ದೇಶದ ಅತ್ಯುನ್ನತ ನ್ಯಾಯಾಲಯ ನೇರವಾಗಿ ಬೆರಳಿಟ್ಟ ಗಳಿಗೆಯದು.

1979ರ ಬದಲಾವಣೆಗೆ ಕನ್ನಡಿಗರಿಗೆ ಸಂಬಂಧಿಸಿದ ಇನ್ನೊಂದು ಮುಖವಿದೆ. ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಲ್ಲಿ ಉತ್ತರ ಬರೆಯುವ ಅವಕಾಶ ಆಗ ಸಿಕ್ಕಿತು. ಕೆ. ಶಿವರಾಮ್ ಅವರು 1986ರಲ್ಲಿ ಕನ್ನಡದಲ್ಲೇ ಬರೆದು ಐಎಎಸ್ ಪಾಸು ಮಾಡಿದ ಮೊದಲಿಗರಾದರು. ಮುಂದೆ ಅವರು ಸಿನಿಮಾ ನಟರಾಗಿಯೂ ಮನೆಮಾತಾದರು. ಒಬ್ಬ ಮನುಷ್ಯನ ಗೆಲುವು ಎಷ್ಟು ಮಂದಿಗೆ ಬೆನ್ನು ತಟ್ಟಬಲ್ಲದು ಎಂಬುದಕ್ಕೆ ಆ ವರ್ಷಗಳ ಹಳ್ಳಿಯ ಪದವೀಧರರೇ ಸಾಕ್ಷಿ. ದಿಲ್ಲಿಯ ಶಹಜಹಾನ್ ರಸ್ತೆಯ ಧೋಲ್ಪುರ್ ಹೌಸಿನ ಆ ಕೋಣೆಯಲ್ಲಿ ಕನ್ನಡದಲ್ಲೂ ಮಾತಾಡಬಹುದು, ನಡುವೆ ದುಭಾಷಿ ಇರುತ್ತಾರೆ ಎಂಬ ಸಂಗತಿ ಎಷ್ಟೋ ಹುಡುಗರ ಗಂಟಲನ್ನು ಸಡಿಲಿಸಿತು.

ಇತ್ತ ಬೆಂಗಳೂರಿನಲ್ಲಿ ಲೆಕ್ಕ ತಿರುಗಾಮುರುಗಾ ಆಗತೊಡಗಿತು. ಸರ್ಕಾರ ಸಂದರ್ಶನದ ಅಂಕ ಕುಗ್ಗಿಸುತ್ತಿದ್ದಾಗ ಹೊಸದಾಗಿ ಬೆಳೆದ ಸಾಫ್ಟ್‌ವೇರ್ ಕಂಪನಿಗಳು ಸಂದರ್ಶನವನ್ನೇ ಮುಖ್ಯ ಮಾಡಿಕೊಂಡವು. 1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ಬಂದ ಇನ್ಫೋಸಿಸ್ ತನ್ನ ಆಯ್ಕೆ ಪರೀಕ್ಷೆಗಳಲ್ಲಿ ಒಗಟಿನಂಥ ಲೆಕ್ಕ ಕೊಡುತ್ತದೆಂಬ ಸುದ್ದಿ ಕಾಲೇಜುಗಳಲ್ಲಿ ಹರಡಿ, ಬೆಂಗಳೂರಿನವರೇ ಆದ ಶಕುಂತಲಾ ದೇವಿಯವರ ಒಗಟಿನ ಪುಸ್ತಕಗಳು ಹಾಸ್ಟೆಲಿನ ಕೋಣೆಯಿಂದ ಕೋಣೆಗೆ ಕೈ ಬದಲಾಯಿಸಿದವು. ಒಗಟು ಬಿಡಿಸುವುದು ಹಳ್ಳಿಯ ಹುಡುಗರಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಅದರ ನಂತರದ ಸುತ್ತು.

ಆ ಸುತ್ತಿನ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್. ತನ್ನ ಬಗ್ಗೆ ತಾನೇ ಹೇಳಿಕೊಳ್ಳಬಾರದು, ಹಿರಿಯರ ಮುಂದೆ ತಲೆತಗ್ಗಿಸಿ ಕೇಳಿದಷ್ಟಕ್ಕೆ ಉತ್ತರಿಸಬೇಕು, ನಿನ್ನ ಕೆಲಸ ನಾಲ್ಕು ಜನ ಆಡಬೇಕೇ ಹೊರತು ನೀನಲ್ಲ ಎಂದು ಮನೆಯಲ್ಲಿ ಕಲಿತು ಬಂದವರಿಗೆ ಈ ಪ್ರಶ್ನೆ ಹುಟ್ಟಿನಿಂದ ಬಂದ ನಡತೆಯನ್ನೇ ತಿರುಗಿಸಿ ಹಾಕು ಎಂದಂತೆ. ಇಂಗ್ಲಿಷ್ ಬಾರದಿರುವುದು ತೊಡಕಿನ ಅರ್ಧ ಭಾಗ, ಈ ಸಂಕೋಚ ಇನ್ನರ್ಧ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ನಮ್ಮಲ್ಲಿ ಉದ್ಧಟತನ, ಆ ಕೋಣೆಯಲ್ಲಿ ಆತ್ಮವಿಶ್ವಾಸ. ಸ್ಪೋಕನ್ ಇಂಗ್ಲಿಷ್ ತರಗತಿಗಳು ಊರೂರಲ್ಲಿ ತೆರೆದದ್ದು ವ್ಯಾಕರಣ ಕಲಿಸಲಿಕ್ಕೆ ಎಂದು ತಿಳಿದರೆ ಪೂರ್ತಿ ತಿಳಿದಂತಾಗಲಿಲ್ಲ. ಅವು ಕಲಿಸಿದ್ದು ತನ್ನನ್ನು ತಾನು ಹೊಗಳಿಕೊಳ್ಳುವ ಅಪರಿಚಿತ ಕಲೆಯನ್ನು. ನಾಚಿಕೆಯಿಂದ ಸುಮ್ಮನಾದವರನ್ನು ದಡ್ಡರೆಂದು ಬರೆದುಕೊಂಡ ಮೇಜುಗಳು ಕಳೆದುಕೊಂಡ ಪ್ರತಿಭೆಯ ಲೆಕ್ಕ ಯಾವ ಕಡತದಲ್ಲೂ ಸಿಗದು.

ಸಂದರ್ಶನದ ನೆರಳಿಲ್ಲದೆ ದೊಡ್ಡ ನೇಮಕಾತಿ ನಡೆಸಬಹುದು ಎಂಬುದಕ್ಕೂ ಇದೇ ನಾಡಿನಲ್ಲಿ ಉದಾಹರಣೆ ಉಂಟು. 1990ರ ದಶಕದ ಉತ್ತರಾರ್ಧದಲ್ಲಿ ಶಿಕ್ಷಣ ಸಚಿವರಾಗಿದ್ದ ಎಚ್.ಜಿ. ಗೋವಿಂದೇಗೌಡರ ಕಾಲದಲ್ಲಿ ಲಕ್ಷದ ಆಸುಪಾಸಿನಷ್ಟು ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕ ಅರ್ಹತೆಯ ಮೇಲೆ ನಡೆಯಿತು. ಯಾರ ಕೈಗೂ ಕಾಸು ಕೊಡದೆ ಕೆಲಸ ಸಿಕ್ಕಿತು ಎಂದು ಆ ಕಾಲದ ಮೇಷ್ಟರುಗಳು, ಮೇಡಂಗಳು ಇಂದಿಗೂ ಕೈಮುಗಿದು ಹೇಳುತ್ತಾರೆ. ಸಚಿವರೊಬ್ಬರ ಹೆಸರನ್ನು ಜನ ಹೀಗೆ ಕೃತಜ್ಞತೆಯಿಂದ ನೆನೆಯುವುದು ಅಪರೂಪ.

ಅದಕ್ಕೆ ಎದುರಾಗಿ ನಿಲ್ಲುವುದು ಕೆಪಿಎಸ್‌ಸಿಯ 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಕತೆ. ಸಂದರ್ಶನದ ಅಂಕಗಳ ಬಗ್ಗೆ ದೂರು ಬಂದು, 2013ರಲ್ಲಿ ಸಿಐಡಿ ತನಿಖೆಯಾಗಿ, 2014ರಲ್ಲಿ ಸರ್ಕಾರ ಪಟ್ಟಿಯನ್ನೇ ಹಿಂತೆಗೆದುಕೊಂಡಿತು. ನ್ಯಾಯಮಂಡಳಿ, ಹೈಕೋರ್ಟ್, ಸುಪ್ರೀಂ ಕೋರ್ಟ್ ಎಂದು ಅಲೆದು, ಕೊನೆಗೆ 2022ರಲ್ಲಿ ವಿಧಾನಮಂಡಲ ಆ ಆಯ್ಕೆಯನ್ನು ಸಿಂಧುಗೊಳಿಸುವ ಕಾನೂನು ಮಾಡಿತು. ಹನ್ನೊಂದು ವರ್ಷ. ಪಟ್ಟಿಯಲ್ಲಿ ಹೆಸರಿದ್ದವರೂ ಇಲ್ಲದವರೂ ತಾರುಣ್ಯದ ಒಳ್ಳೆಯ ವರ್ಷಗಳನ್ನು ವಕೀಲರ ಕಚೇರಿಗಳಲ್ಲಿ ಕಳೆದರು. ನಡುವೆ, ಯುಪಿಎಸ್‌ಸಿಯ ಮಾಜಿ ಅಧ್ಯಕ್ಷ ಪಿ.ಸಿ. ಹೋಟಾ ಅವರ ಸಮಿತಿ ಕೆಪಿಎಸ್‌ಸಿಯ ಸುಧಾರಣೆಗೆ ಸಲಹೆ ಕೊಟ್ಟಿತು. ಕೇಂದ್ರದಲ್ಲಿ 2016ರ ಜನವರಿ 1ರಿಂದ ಕೆಳಗಿನ ದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟರು. ಕರ್ನಾಟಕದಲ್ಲಿ ಕೆಎಎಸ್ ಸಂದರ್ಶನಕ್ಕಿದ್ದ 200 ಅಂಕ ಮೊದಲು 50ಕ್ಕೆ, ಆಮೇಲೆ 25ಕ್ಕೆ ಇಳಿಯಿತು.

ಈಗ ಮುಖ್ಯ ಪರೀಕ್ಷೆಗೆ 1,250, ಸಂದರ್ಶನಕ್ಕೆ 25. ಒಟ್ಟಿನ ಶೇಕಡಾ ಎರಡರಷ್ಟೂ ಇಲ್ಲ. ಮೈಸೂರು ಸರ್ಕಾರ ಶೇಕಡಾ 25 ಎಂದು ಬರೆದ 1963ರಿಂದ ಇಲ್ಲಿಗೆ ಆರು ದಶಕ. ಇಷ್ಟು ಇಳಿಸಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ಜನರ ಅಹವಾಲು ಕೇಳಬೇಕಾದ ತಹಶೀಲ್ದಾರನ ಸಹನೆ, ಮರುಕಗಳನ್ನು ಉತ್ತರಪತ್ರಿಕೆ ತೋರಿಸೀತೇ ಎಂಬ ಮಿಲ್ಲರ್ ಕಾಲದ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಆದರೆ ಆ ಗುಣಗಳನ್ನು ನೋಡುತ್ತೇವೆಂದು ಹೇಳಿ 200 ಅಂಕ ಇಟ್ಟುಕೊಂಡಿದ್ದ ಕಾಲದಲ್ಲಿ ಅವನ್ನೇ ನೋಡಲಾಯಿತೆಂದು ನಂಬುವವರು ಕಡಿಮೆ. ನಂಬಿಕೆ ಕಳೆದುಹೋದಾಗ ಅಂಕ ಕಡಿಮೆ ಮಾಡುವುದೊಂದೇ ಪ್ರಾಮಾಣಿಕ ದಾರಿಯಾಗಿತ್ತು.

ಇಪ್ಪತ್ತೈದೇ ಅಂಕವಾದರೂ ತಯಾರಿಯೇನೂ ಕಡಿಮೆಯಾಗಿಲ್ಲ. ಪಟ್ಟಿಯಲ್ಲಿ ಒಂದು ಅಂಕದ ನಡುವೆ ಎಷ್ಟೋ ಹೆಸರುಗಳು ಒತ್ತಿಕೊಂಡಿರುತ್ತವೆ. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಫಲಿತಾಂಶ ಬಂದ ವಾರದಿಂದಲೇ ಅಣಕು ಸಂದರ್ಶನ ಶುರುವಾಗುತ್ತದೆ. ನಿವೃತ್ತ ಅಧಿಕಾರಿಯೊಬ್ಬರು ನಡುವೆ, ಅಕ್ಕಪಕ್ಕ ಉಪನ್ಯಾಸಕರು. ಮೊದಲು ತಿದ್ದುವುದು ಕುರ್ಚಿ ಎಳೆಯುವ ಸದ್ದನ್ನು. ಆಮೇಲೆ ತೊಡೆಯ ಮೇಲೆ ನಡುಗುವ ಕೈಯನ್ನು. ನಿಮ್ಮ ತಾಲ್ಲೂಕಿನ ಹೆಸರು ಹೇಗೆ ಬಂತು, ನಿಮ್ಮೂರ ಕೆರೆಗೆ ನೀರು ಎಲ್ಲಿಂದ, ಬೆಂಬಲ ಬೆಲೆ ಎಂದರೇನು, ಬಿ.ಎ.ಯಲ್ಲಿ ಓದಿದ ಸಮಾಜಶಾಸ್ತ್ರ ತಹಶೀಲ್ದಾರರಾದರೆ ಯಾವ ಉಪಯೋಗಕ್ಕೆ ಎಂದು ಕೇಳುತ್ತಾರೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಸರ್ ಎನ್ನುವುದನ್ನು ಹತ್ತು ಸಲ ಹೇಳಿಸುತ್ತಾರೆ, ಏಕೆಂದರೆ ಹೇಳಲು ಎಲ್ಲಕ್ಕಿಂತ ಕಷ್ಟವಾದ ಉತ್ತರ ಅದು. ತನ್ನೂರಿನ ಕೆರೆಯ ವಿಷಯ ಬಂದಾಗ ಹುಡುಗಿಯೊಬ್ಬಳ ದನಿ ತಾನಾಗಿ ಗಟ್ಟಿಯಾಗುತ್ತದೆ, ಆ ದನಿಯನ್ನೇ ಹಿಡಿದುಕೊ ಎನ್ನುತ್ತಾರೆ.

ಫೈಲು ಜೋಡಿಸುವುದೇ ಒಂದು ವಿದ್ಯೆ. ಮೇಲೆ ಸಂದರ್ಶನದ ಪತ್ರ, ಅದರ ಕೆಳಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಆರ್‌ಡಿ ಸಂಖ್ಯೆಯಿರುವ ಜಾತಿ ಪ್ರಮಾಣಪತ್ರ, ಗ್ರಾಮೀಣ ಅಭ್ಯರ್ಥಿಯ ಪತ್ರ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಮುಖ್ಯೋಪಾಧ್ಯಾಯರ ಸಹಿ. ಒಂದೊಂದರ ಹಿಂದೆಯೂ ನಾಡಕಚೇರಿಗೆ ಅಲೆದ ದಿನಗಳಿವೆ. ಎನ್‌ಸಿಸಿ ಪ್ರಮಾಣಪತ್ರ ಇದ್ದವರು ಅದನ್ನೂ ಕೊನೆಗೆ ಸೇರಿಸುತ್ತಾರೆ.

ಸಂದರ್ಶನದ ದಿನ ಬೆಂಗಳೂರಿನಲ್ಲಿ ಕೆಪಿಎಸ್‌ಸಿಯ ಕಚೇರಿ ಇರುವ ಉದ್ಯೋಗ ಸೌಧದ ಎದುರು ಬೆಳಗ್ಗೆಯೇ ಜನ ಸೇರುತ್ತಾರೆ. ರಾತ್ರಿ ಬಸ್ಸಿನಲ್ಲಿ ಬಂದು, ನೆಂಟರ ಕೋಣೆಯಲ್ಲಿ ಸ್ನಾನ ಮಾಡಿ, ಇಸ್ತ್ರಿ ಮಡಿಕೆ ಕೆಡದಂತೆ ಆಟೊದ ತುದಿಯಲ್ಲಿ ಕೂತು ಬಂದವರು. ಹೆಸರು ಕರೆದ ಮೇಲೆ ಒಳಗೆ ಹೋಗುವವರು ತಮ್ಮ ಮೊಬೈಲು, ಬ್ಯಾಗುಗಳನ್ನು ಜೊತೆಗೆ ಬಂದವರ ಕೈಗೆ ಕೊಡುತ್ತಾರೆ. ಪಂಚೆಯುಟ್ಟ ಅಪ್ಪನೊಬ್ಬ ಅವನ್ನು ಎದೆಗೆ ಅವುಚಿಕೊಂಡು, ಗೇಟಿನ ಕಡೆಗೇ ಮುಖ ಮಾಡಿ, ಮರದ ನೆರಳು ಸರಿದಂತೆ ತಾನೂ ಸರಿಯುತ್ತ ನಿಂತಿರುತ್ತಾನೆ.